ಸಾರು ತೆಳ್ಳಗಾಗದಿರಲಿ: ಕೈ ಬಿಗಿಯಾದ ತಿಂಗಳಲ್ಲೂ ಪೌಷ್ಟಿಕವಾಗಿ ಉಣ್ಣುವ ಬಗೆ

ಮನೆಯಲ್ಲಿ ಹಣ ಸಾಲದಾದಾಗ ಮೊದಲು ತೆಳ್ಳಗಾಗುವುದು ಸಾರು. ಅನ್ನ ಮಾಡುವ ಪಾತ್ರೆ ಬದಲಾಗುವುದಿಲ್ಲ, ಮುದ್ದೆಯ ಗಾತ್ರವೂ ಕುಗ್ಗುವುದಿಲ್ಲ. ಆದರೆ ಒಂದು ಪಾವು ಬೇಳೆ ಬೀಳುತ್ತಿದ್ದ ಕಡೆ ಅರ್ಧ ಪಾವು ಬೀಳುತ್ತದೆ, ಎರಡು ಕಟ್ಟು ಸೊಪ್ಪಿನ ಜಾಗಕ್ಕೆ ಒಂದು ಟೊಮೆಟೊ ಬರುತ್ತದೆ, ಹುಣಸೆಹಣ್ಣು ಮತ್ತು ಖಾರದ ಪುಡಿಯ ಬಲದಿಂದ ಆ ತಿಳಿನೀರೇ ಸಾರೆನಿಸಿಕೊಂಡು ಊಟ ಮುಗಿಯುತ್ತದೆ. ಹೊಟ್ಟೆ ತುಂಬಿರುವುದರಿಂದ ಏನೋ ಕಡಿಮೆಯಾಯಿತೆಂದು ಯಾರಿಗೂ ಅನ್ನಿಸುವುದಿಲ್ಲ. ತಿಂಗಳುಗಳು ಕಳೆದು ಮಗುವಿನ ತೂಕ ಏರದೆ ನಿಂತಾಗ, ನಾಲ್ಕು ಮೆಟ್ಟಿಲು ಹತ್ತುವಷ್ಟರಲ್ಲಿ ತಾಯಿಗೆ ಏದುಸಿರು ಬಂದಾಗ ಆ ಕೊರತೆ ಕಣ್ಣಿಗೆ ಬೀಳುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇರುವುದು ಕಂಡುಬಂದಿತು. ಇವರಲ್ಲಿ ಬಹುಪಾಲು ಜನ ಉಪವಾಸವಿದ್ದವರಲ್ಲ, ದಿನಕ್ಕೆ ಎರಡು ಮೂರು ಸಲ ಊಟ ಮಾಡಿದವರೇ.

ಆದ್ದರಿಂದ ಕಡಿಮೆ ದುಡ್ಡಿನಲ್ಲಿ ಪೌಷ್ಟಿಕವಾಗಿ ಉಣ್ಣುವುದೆಂದರೆ, ನನ್ನ ತಿಳಿವಳಿಕೆಯಲ್ಲಿ, ಸಾರನ್ನು ಗಟ್ಟಿಯಾಗಿ ಉಳಿಸಿಕೊಳ್ಳುವ ಕೆಲಸ. ಧಾನ್ಯ ಹೇಗೋ ಒದಗುತ್ತದೆ. ಕಾಳು, ಸೊಪ್ಪು, ಒಂದಿಷ್ಟು ಕಡಲೆಕಾಯಿ, ಮೊಟ್ಟೆ ಅಥವಾ ಮಜ್ಜಿಗೆ ತಟ್ಟೆಯಿಂದ ಜಾರಿಹೋಗದಂತೆ ನೋಡಿಕೊಳ್ಳುವುದೇ ಕಷ್ಟದ ಭಾಗ. ಪಡಿತರ ಚೀಟಿ ಇರುವ, ಇಬ್ಬರು ದೊಡ್ಡವರು ಮತ್ತು ಶಾಲೆಗೆ ಹೋಗುವ ಇಬ್ಬರು ಮಕ್ಕಳಿರುವ, ಒಂದೇ ಒಲೆಯ ಅಡುಗೆಮನೆಯ ಕುಟುಂಬವನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಇಲ್ಲಿ ಹೇಳುವ ಪದಾರ್ಥಗಳೆಲ್ಲವೂ ಊರಿನ ಸಂತೆಯಲ್ಲಿ ಇಲ್ಲವೇ ಬೀದಿಯ ಕೊನೆಯ ಅಂಗಡಿಯಲ್ಲಿ ಸಿಗುವಂಥವು.

ಮೊದಲು ಲೆಕ್ಕ

ದಿನಸಿ ಕೊಳ್ಳುವಾಗ ನಾವು ಸಾಮಾನ್ಯವಾಗಿ ಕಿಲೋ ಬೆಲೆಯನ್ನು ಹೋಲಿಸುತ್ತೇವೆ. ಅದಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವ ಲೆಕ್ಕವೆಂದರೆ, ಕೊಡುವ 10 ರೂಪಾಯಿಗೆ ಎಷ್ಟು ಗ್ರಾಂ ಪ್ರೋಟೀನ್ ಮನೆಗೆ ಬರುತ್ತದೆ ಎಂಬುದು. ದರಗಳು ಊರಿನಿಂದ ಊರಿಗೆ, ವಾರದಿಂದ ವಾರಕ್ಕೆ ಬದಲಾಗುವುದರಿಂದ ನಾನು ಇಲ್ಲಿ ಇಟ್ಟುಕೊಳ್ಳುವ ಬೆಲೆಗಳು ಕೇವಲ ಉದಾಹರಣೆಗೆ. ನೀವು ನಿಮ್ಮ ಅಂಗಡಿಯ ದರವನ್ನೇ ಹಾಕಿಕೊಂಡು ಲೆಕ್ಕ ಮಾಡಿ. ಹುರುಳಿಕಾಳು ಕಿಲೋಗೆ 80 ರೂಪಾಯಿ ಎಂದಿಟ್ಟುಕೊಂಡರೆ, ಅದರ ತೂಕದಲ್ಲಿ ಸುಮಾರು ಶೇ. 22ರಷ್ಟು ಪ್ರೋಟೀನ್ ಇರುವುದರಿಂದ, 10 ರೂಪಾಯಿಗೆ 27 ಗ್ರಾಂ ಸಿಗುತ್ತದೆ. ತೊಗರಿಬೇಳೆಯಲ್ಲೂ ಪ್ರೋಟೀನ್ ಅಷ್ಟೇ; ಆದರೆ ಅದರ ಬೆಲೆ 130 ರೂಪಾಯಿ ಆಗಿದ್ದರೆ ಅದೇ 10 ರೂಪಾಯಿಗೆ 17 ಗ್ರಾಂ ಮಾತ್ರ ಬರುತ್ತದೆ. ಕಡಲೆಕಾಯಿ ಬೀಜಕ್ಕೂ 130 ರೂಪಾಯಿ ಇದ್ದರೆ 19 ಗ್ರಾಂ, ಜೊತೆಗೆ ಒಳ್ಳೆಯ ಎಣ್ಣೆಯ ಅಂಶವೂ ಸಿಕ್ಕಿತು. ಮೀಲ್ ಮೇಕರ್ ಎಂದು ಅಂಗಡಿಯಲ್ಲಿ ಕೇಳುವ ಸೋಯಾ ಉಂಡೆಯ ಅರ್ಧದಷ್ಟು ತೂಕ ಪ್ರೋಟೀನೇ ಆಗಿರುವುದರಿಂದ ಕಿಲೋಗೆ 150 ರೂಪಾಯಿ ಕೊಟ್ಟರೂ 10 ರೂಪಾಯಿಗೆ 33 ಗ್ರಾಂ ಬರುತ್ತದೆ. ಅದೇ 10 ರೂಪಾಯಿಗೆ, 7 ರೂಪಾಯಿಯ ಮೊಟ್ಟೆಯಿಂದ 8 ಗ್ರಾಂಗೆ ಸ್ವಲ್ಪ ಹೆಚ್ಚು, 48 ರೂಪಾಯಿಯ ಲೀಟರ್ ಹಾಲಿನಿಂದ 6 ಗ್ರಾಂಗೆ ಸ್ವಲ್ಪ ಹೆಚ್ಚು. 10 ರೂಪಾಯಿಯ ಬಿಸ್ಕತ್ತಿನ ಪೊಟ್ಟಣದಲ್ಲಿ ನಾಲ್ಕು ಗ್ರಾಂ ಸಿಕ್ಕರೆ ಹೆಚ್ಚು, ಉಳಿದದ್ದು ಮೈದಾ, ಸಕ್ಕರೆ ಮತ್ತು ಎಣ್ಣೆ.

ಈ ಲೆಕ್ಕದಲ್ಲಿ ಅಕ್ಕಿ, ರಾಗಿಗಳೂ ಅಗ್ಗವಾಗಿಯೇ ಕಾಣುತ್ತವೆ, ಅದು ನಿಜವೂ ಹೌದು. ಆದರೆ ಧಾನ್ಯದ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಂಶ ಕಡಿಮೆ. ಕಾಳುಗಳಲ್ಲಿ ಅದು ಧಾರಾಳವಾಗಿದೆ. ಕಾಳಿನಲ್ಲಿ ಕಡಿಮೆಯಿರುವ ಮೆಥಿಯೋನಿನ್ ಧಾನ್ಯದಲ್ಲಿದೆ. ಮುದ್ದೆಗೆ ಹುರುಳಿಸಾರು, ಜೋಳದ ರೊಟ್ಟಿಗೆ ಕಾಳುಪಲ್ಯ, ಅನ್ನಕ್ಕೆ ಬೇಳೆ, ಇಡ್ಲಿಗೆ ಉದ್ದು ಎಂಬ ನಮ್ಮ ಜೋಡಿಗಳು ಈ ಕಾರಣಕ್ಕೆ ಬಾಳಿ ಬಂದಿವೆ. ಒಂದನ್ನು ಬಿಟ್ಟು ಇನ್ನೊಂದನ್ನೇ ಹೊಟ್ಟೆ ತುಂಬ ಉಂಡರೆ ಜೋಡಿಯ ಲಾಭ ಸಿಗುವುದಿಲ್ಲ.

ಹಾಗಾದರೆ ಮೊಟ್ಟೆ, ಹಾಲು ದುಬಾರಿ ಎಂದು ಬಿಟ್ಟುಬಿಡಬೇಕೆ? ಬಿಡಬಾರದು. ಬಿ12 ವಿಟಮಿನ್ ಕಾಳಿನಲ್ಲಾಗಲಿ ಸೊಪ್ಪಿನಲ್ಲಾಗಲಿ ಇಲ್ಲ. ಸಹಜ ಆಹಾರಗಳಲ್ಲಿ ಅದು ಮೊಟ್ಟೆ, ಹಾಲು, ಮೀನು, ಮಾಂಸದಿಂದಲೇ ಬರಬೇಕು. ಪ್ರೋಟೀನಿನ ಮುಖ್ಯ ಭಾರವನ್ನು ಕಾಳುಗಳ ಮೇಲೆ ಹೊರಿಸಿ, ಮೊಟ್ಟೆ ಮತ್ತು ಹಾಲನ್ನು ಸ್ವಲ್ಪವಾದರೂ ತಪ್ಪದೆ ಇಟ್ಟುಕೊಳ್ಳುವುದು ಹಣಕ್ಕೂ ಮೈಗೂ ಒಪ್ಪುವ ದಾರಿ. ಹಾಲು ಕೊಳ್ಳುವಾಗ ಟೋನ್ಡ್ ಹಾಲನ್ನೇ ಕೊಳ್ಳಬಹುದು. ಕೆನೆ ಹೆಚ್ಚಿರುವ ಹಾಲಿಗಿಂತ ಅದರ ಬೆಲೆ ಕಡಿಮೆ, ಕಡಿಮೆಯಾಗಿರುವುದು ಕೊಬ್ಬು. ಪ್ರೋಟೀನ್ ಮತ್ತು ಕ್ಯಾಲ್ಸಿಯಂ ಹೆಚ್ಚು ಕಡಿಮೆ ಅಷ್ಟೇ ಇರುತ್ತದೆ.

ಧಾನ್ಯ: ಇರುವುದನ್ನು ಸರಿಯಾಗಿ ಬಳಸುವುದು

2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯಡಿ ಆದ್ಯತಾ ಕುಟುಂಬದ ಪ್ರತಿ ಸದಸ್ಯರಿಗೆ ತಿಂಗಳಿಗೆ 5 ಕಿಲೋ ಧಾನ್ಯದ ಹಕ್ಕಿದೆ. ಅದೇ ವರ್ಷ ಆರಂಭವಾದ ರಾಜ್ಯದ ಅನ್ನಭಾಗ್ಯ ಯೋಜನೆಯ ನೆರವೂ ಇದೆ. ರಾಯಚೂರಿನಿಂದಲೋ ಕಲಬುರಗಿಯಿಂದಲೋ ಬೆಂಗಳೂರಿಗೆ ದುಡಿಯಲು ಬಂದವರು ಚೀಟಿ ಊರಿನಲ್ಲಿದೆ ಎಂದು ಧಾನ್ಯವನ್ನು ಬಿಟ್ಟುಕೊಡುತ್ತಿರುವುದನ್ನು ನಾನು ಕಂಡಿದ್ದೇನೆ. ಒಂದು ದೇಶ ಒಂದು ಪಡಿತರ ಚೀಟಿ ವ್ಯವಸ್ಥೆಯಿರುವುದರಿಂದ, ಆಧಾರ್ ಜೋಡಣೆಯಾಗಿದ್ದರೆ, ಇದ್ದ ಊರಿನ ನ್ಯಾಯಬೆಲೆ ಅಂಗಡಿಯಲ್ಲೇ ಅದನ್ನು ಪಡೆಯಬಹುದು. ದಕ್ಷಿಣದ ಜಿಲ್ಲೆಗಳಲ್ಲಿ ರಾಗಿ, ಉತ್ತರದ ಜಿಲ್ಲೆಗಳಲ್ಲಿ ಜೋಳ ಕೊಡುವ ತಿಂಗಳಿದ್ದರೆ ಅದನ್ನು ತಪ್ಪದೆ ತೆಗೆದುಕೊಳ್ಳಿ.

ಪಡಿತರದ ಅಕ್ಕಿಯ ಬಗ್ಗೆ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಅದರಲ್ಲಿ ಹಲವು ಸಲ ನೂರಕ್ಕೆ ಒಂದರಂತೆ ಸ್ವಲ್ಪ ಬೇರೆ ಬಣ್ಣದ, ತೊಳೆಯುವಾಗ ಕೆಲವೊಮ್ಮೆ ತೇಲುವ ಕಾಳುಗಳಿರುತ್ತವೆ. ಪ್ಲಾಸ್ಟಿಕ್ ಅಕ್ಕಿ ಎಂಬ ಗಾಳಿಮಾತನ್ನು ನಂಬಿ ಅನೇಕ ಮನೆಗಳಲ್ಲಿ ಅವನ್ನು ಮೊರದಲ್ಲಿ ಆರಿಸಿ ಎಸೆಯುತ್ತಾರೆ. ಅವು ಅಕ್ಕಿಹಿಟ್ಟಿಗೆ ಕಬ್ಬಿಣಾಂಶ, ಫೋಲಿಕ್ ಆಮ್ಲ ಮತ್ತು ಬಿ12 ಸೇರಿಸಿ ಅಕ್ಕಿಯ ಆಕಾರದಲ್ಲಿ ಮಾಡಿದ ಸಾರವರ್ಧಿತ ಕಾಳುಗಳು. ಯಾವುದಕ್ಕೆ ಕೊರತೆಯಿದೆಯೋ ಅದನ್ನೇ ಆರಿಸಿ ಬಿಸಾಡಿದಂತಾಗುತ್ತದೆ. ಅಕ್ಕಿಯನ್ನು ಒಂದೆರಡು ನೀರಿನಲ್ಲಿ ಮಾತ್ರ ತೊಳೆದು, ಗಂಜಿ ಬಸಿಯದೆ ಇಂಗಿಸಿ ಬೇಯಿಸಿ. ಬಸಿಯುವ ರೂಢಿಯಿದ್ದರೆ ಆ ಗಂಜಿಯನ್ನು ಸಾರಿಗೆ ಹಾಕಿ ಅಥವಾ ಉಪ್ಪು, ಮಜ್ಜಿಗೆ ಬೆರೆಸಿ ಕುಡಿಯಿರಿ.

ಸಾಧ್ಯವಿದ್ದಷ್ಟು ಮಟ್ಟಿಗೆ ದಿನದ ಒಂದು ಹೊತ್ತನ್ನು ರಾಗಿಗೆ ಮೀಸಲಿಡುವುದು ಒಳ್ಳೆಯದು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಕ್ಕಿಯಲ್ಲಿ 10 ಮಿಲಿಗ್ರಾಂ ಕೂಡ ಇಲ್ಲ. ದಿನಕ್ಕೆ 150 ಗ್ರಾಂ ರಾಗಿಹಿಟ್ಟು ತಿನ್ನುವ ದೊಡ್ಡವರಿಗೆ ದಿನದ ಅಗತ್ಯವಾದ 1000 ಮಿಲಿಗ್ರಾಂನ ಅರ್ಧದಷ್ಟು ಅದರಿಂದಲೇ ಬರುತ್ತದೆ. ರಾಗಿಯ ಸಿಪ್ಪೆಯಲ್ಲಿರುವ ಕೆಲವು ಅಂಶಗಳು ಇದು ಪೂರ್ತಿ ಮೈಗೆ ಹತ್ತದಂತೆ ತಡೆಯುತ್ತವೆಯಾದರೂ, ಹಾಲನ್ನು ದಿನಕ್ಕೆ ಮೂರು ಲೋಟ ಕೊಳ್ಳಲಾಗದ ಮನೆಗೆ ಇದಕ್ಕಿಂತ ದೊಡ್ಡ ಆಸರೆ ಇನ್ನೊಂದಿಲ್ಲ. ರಾಗಿಯನ್ನು ಕಾಳಾಗಿ ಕೊಂಡು, ಮಿಲ್ಲಿನಲ್ಲಿ ಬೀಸಿಸಿ, ಜರಡಿ ಹಿಡಿಯದೆ ಬಳಸಿ. ಕಾಳಾಗಿದ್ದರೆ ಅದು ಬೇಗ ಹುಳು ಹಿಡಿಯುವುದಿಲ್ಲ. ನಮ್ಮ ಹಿರಿಯರು ನೆಲದೊಳಗಿನ ಹಗೇವುಗಳಲ್ಲಿ ಅದನ್ನು ವರ್ಷಗಟ್ಟಲೆ ಇಟ್ಟು ಬರಗಾಲ ದಾಟುತ್ತಿದ್ದರು. ಜೋಳದ ನಾಡಿನವರು ಇದೇ ಮಾತನ್ನು ಜೋಳಕ್ಕೆ ಹೇಳಿಕೊಳ್ಳಬಹುದು; ಅದರಲ್ಲಿ ಕ್ಯಾಲ್ಸಿಯಂ ಕಡಿಮೆಯಾದರೂ ಪ್ರೋಟೀನ್ ರಾಗಿಗಿಂತ ಹೆಚ್ಚು. ಅಕ್ಕಿಯ ನುಚ್ಚು, ತೊಗರಿಯ ಒಡಕು ಬೇಳೆ ಕಡಿಮೆ ಬೆಲೆಗೆ ಸಿಕ್ಕರೆ ಸಂಕೋಚವಿಲ್ಲದೆ ಕೊಳ್ಳಿ, ಒಡೆದ ಮಾತ್ರಕ್ಕೆ ಸತ್ವ ಹೋಗುವುದಿಲ್ಲ.

ಹುರುಳಿಯನ್ನು ಕೀಳಾಗಿ ಕಾಣದಿರಿ

ಹುರುಳಿ ಎತ್ತಿನ ಮೇವು, ಕುದುರೆಯ ಆಹಾರ ಎಂಬ ಮಾತು ಊರುಗಳಲ್ಲಿ ಇಂದಿಗೂ ಕೇಳಿಬರುತ್ತದೆ. ಮಳೆ ಕೈಕೊಟ್ಟ ಹೊಲದಲ್ಲೂ ಬೆಳೆಯುವ ಬೆಳೆಯಾದ್ದರಿಂದ ಅದಕ್ಕೆ ಬಡವರ ಕಾಳೆಂಬ ಹೆಸರು ಅಂಟಿಕೊಂಡಿದೆ. ಸ್ವಲ್ಪ ಅನುಕೂಲ ಬಂದ ಕೂಡಲೇ ಜನ ಅದನ್ನು ಬಿಟ್ಟು ತೊಗರಿಗೆ ಹೋಗುತ್ತಾರೆ. ಪ್ರೋಟೀನಿನಲ್ಲಿ ತೊಗರಿಗೆ ಸಮನಾಗಿರುವ ಹುರುಳಿ ಕಬ್ಬಿಣಾಂಶದಲ್ಲೂ ಕ್ಯಾಲ್ಸಿಯಂನಲ್ಲೂ ಅದನ್ನು ಮೀರಿಸುತ್ತದೆ. ರಾತ್ರಿ ನೆನೆಹಾಕಿ, ಬೆಳಿಗ್ಗೆ ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟರೆ ಒಂದು ದಿನದಲ್ಲಿ ಮೊಳಕೆ ಬರುತ್ತದೆ. ಮೊಳಕೆಯೊಡೆದಾಗ, ಒಣಕಾಳಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆಯಿರುವ ವಿಟಮಿನ್ ಸಿ ಹೊಸದಾಗಿ ಹುಟ್ಟುತ್ತದೆ, ಕಬ್ಬಿಣಾಂಶವನ್ನು ಕಟ್ಟಿಹಾಕುವ ಫೈಟೇಟ್ ಕಡಿಮೆಯಾಗುತ್ತದೆ, ಬೇಯಿಸಲು ಬೇಕಾದ ಗ್ಯಾಸ್ ಕೂಡ ಉಳಿಯುತ್ತದೆ. ಚಿಕ್ಕ ಮಕ್ಕಳಿಗೆ ಮೊಳಕೆಕಾಳನ್ನು ಹಸಿಯಾಗಿ ಕೊಡದೆ ಬೇಯಿಸಿಯೇ ಕೊಡಬೇಕು.

ಮಂಡ್ಯ, ಮೈಸೂರು ಕಡೆಯ ಉಪ್ಸಾರು ಮತ್ತು ಬಸ್ಸಾರುಗಳನ್ನು ನಾನು ಇಡೀ ರಾಜ್ಯದ ಬಡ ಅಡುಗೆಮನೆಗಳಿಗೆ ಶಿಫಾರಸು ಮಾಡುತ್ತೇನೆ, ಏಕೆಂದರೆ ಅವುಗಳ ವಿಧಾನದಲ್ಲೇ ಏನೂ ಪೋಲಾಗದ ಏರ್ಪಾಡಿದೆ. ಕಾಳನ್ನೂ ಸೊಪ್ಪನ್ನೂ ಒಟ್ಟಿಗೆ ಉಪ್ಪು ಹಾಕಿ ಬೇಯಿಸಿ, ನೀರನ್ನು ಬಸಿಯುತ್ತಾರೆ. ಬಸಿದ ಕಟ್ಟಿಗೆ ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಹುಣಸೆಯ ಖಾರ ಸೇರಿದರೆ ಅದು ಉಪ್ಸಾರು. ಬೆಂದ ಕಾಳಿನದೇ ಒಂದು ಹಿಡಿಯನ್ನು ಮಸಾಲೆಯೊಂದಿಗೆ ರುಬ್ಬಿ ಹಾಕಿ ಕುದಿಸಿದರೆ ಅದು ಬಸ್ಸಾರು. ಉಳಿದ ಕಾಳು ಮತ್ತು ಸೊಪ್ಪಿಗೆ ಒಂದು ಚಮಚ ಎಣ್ಣೆಯಲ್ಲಿ ಒಗ್ಗರಣೆ ಕೊಟ್ಟರೆ ಪಲ್ಯ. ಒಂದೇ ಸಲ ಬೆಂಕಿ ಹಚ್ಚಿ ಎರಡು ಪದಾರ್ಥಗಳಾದವು, ಸೊಪ್ಪಿನಿಂದ ನೀರಿಗಿಳಿದ ಸತ್ವ ಚರಂಡಿಗೆ ಹೋಗದೆ ತಟ್ಟೆಗೆ ಬಂತು. ಸಾರಷ್ಟೇ ಅಲ್ಲದೆ ಪಲ್ಯವೂ ತಟ್ಟೆಗೆ ಬೀಳಬೇಕೆಂಬುದನ್ನು ಮಾತ್ರ ಮರೆಯಬಾರದು. ಪ್ರೋಟೀನಿನ ಬಹುಪಾಲು ಉಳಿದಿರುವುದು ಬೆಂದ ಕಾಳಿನಲ್ಲೇ ಹೊರತು ಕಟ್ಟಿನಲ್ಲಲ್ಲ.

ಹುರುಳಿಯೊಂದಿಗೆ ಅಲಸಂದೆ, ಹೆಸರುಕಾಳು, ಕಡಲೆಕಾಳು, ತೊಗರಿಯನ್ನು ಸರದಿಯಲ್ಲಿ ಬಳಸಿ. ಮಾಗಿಯಲ್ಲಿ ಅವರೆಕಾಯಿ ರಾಶಿ ಬಿದ್ದು ಬೆಲೆ ಇಳಿದಾಗ ಹೆಚ್ಚಾಗಿ ಕೊಂಡು, ಒಂದು ಪಾಲನ್ನು ಹಸಿಯಾಗಿ ಉಂಡು, ಇನ್ನೊಂದು ಪಾಲಿನ ಕಾಳನ್ನು ಬಿಸಿಲಲ್ಲಿ ಚೆನ್ನಾಗಿ ಒಣಗಿಸಿಟ್ಟುಕೊಳ್ಳಬಹುದು. ತೊಗರಿಯ ಬೆಲೆ ಏರಿದ ತಿಂಗಳು ಸಾರನ್ನು ತೆಳ್ಳಗೆ ಮಾಡುವುದರ ಬದಲು ಕಾಳನ್ನೇ ಬದಲಾಯಿಸಿ. ತೊಗರಿ ಹಾಕಿಯೇ ಸಾರು ಮಾಡಬೇಕೆಂಬ ಹಟ ಬಿಟ್ಟ ಮನೆಯಲ್ಲಿ ಆ ತಿಂಗಳ ಖರ್ಚು ಗಣನೀಯವಾಗಿ ಇಳಿಯುತ್ತದೆ.

ಕಡಲೆಕಾಯಿಯ ವಿಷಯಕ್ಕೆ ಬಂದರೆ, ಉತ್ತರ ಕರ್ನಾಟಕದವರು ಶೇಂಗಾ ಹಿಂಡಿಯನ್ನು, ಅಂದರೆ ಕಡಲೆಕಾಯಿಯ ಚಟ್ನಿಪುಡಿಯನ್ನು, ಊಟದ ಭಾಗವಾಗಿಯೇ ಇಟ್ಟುಕೊಂಡಿರುವುದು ಎಲ್ಲರೂ ಅನುಸರಿಸಬೇಕಾದ ಪದ್ಧತಿ. ಶೇಂಗಾ, ಗುರೆಳ್ಳು, ಅಗಸಿಯ ಹಿಂಡಿಗಳನ್ನು ವಾರಕ್ಕೊಮ್ಮೆ ಪುಡಿ ಮಾಡಿಟ್ಟರೆ, ಸಾರಿಗೆ ಏನೂ ಇಲ್ಲದ ದಿನವೂ ಎರಡು ಚಮಚ ಹಿಂಡಿ, ಒಂದು ಲೋಟ ಮಜ್ಜಿಗೆಯಿಂದ ರೊಟ್ಟಿಯ ಊಟ ಪೂರ್ಣವಾಗುತ್ತದೆ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ (ಸಿಎಫ್‌ಟಿಆರ್‌ಐ) ದಶಕಗಳ ಹಿಂದೆ ಅಪೌಷ್ಟಿಕತೆಗೆಂದು ಅಗ್ಗದ ಆಹಾರ ರೂಪಿಸುವಾಗ ಕಡಲೆಕಾಯಿಯ ಹಿಟ್ಟು ಮತ್ತು ಕಡಲೆಹಿಟ್ಟನ್ನೇ ಬೆರೆಸಿತ್ತು. ಹುರಿಗಡಲೆ, ಹುರಿದ ಕಡಲೆಕಾಯಿ, ಬೆಲ್ಲ ಸೇರಿಸಿ ಕುಟ್ಟಿದ ಉಂಡೆಯಿದ್ದರೆ ಮಕ್ಕಳಿಗೆ ದುಬಾರಿ ಡಬ್ಬಿಯ ಪುಡಿಗಳು ಬೇಕಾಗುವುದಿಲ್ಲ. ಆದರೆ ಮುಗ್ಗಲು ವಾಸನೆಯ, ಸುಕ್ಕುಗಟ್ಟಿದ, ಬೂಷ್ಟು ಹಿಡಿದ ಬೀಜ ಎಷ್ಟೇ ಅಗ್ಗವಾಗಿ ಸಿಕ್ಕರೂ ಕೊಳ್ಳಬೇಡಿ. ಆ ಶಿಲೀಂಧ್ರದಿಂದ ಹುಟ್ಟುವ ಅಫ್ಲಾಟಾಕ್ಸಿನ್ ಯಕೃತ್ತಿಗೆ ವಿಷ, ಹುರಿದರೂ ಬೇಯಿಸಿದರೂ ಅದು ಪೂರ್ತಿ ನಾಶವಾಗುವುದಿಲ್ಲ.

ಸೊಪ್ಪು, ನಿಂಬೆ, ಚಹಾ

ಕಾಯಿಪಲ್ಯಕ್ಕೆ ಇರುವ ಹಣದಲ್ಲಿ ಮೊದಲ ಪಾಲು ಸೊಪ್ಪಿಗೆ ಹೋಗಲಿ. ದಂಟು, ಹರಿವೆ, ಮೆಂತ್ಯ, ಬಸಳೆ, ನುಗ್ಗೆ, ಹೊನಗೊನ್ನೆ, ಪುಂಡಿ ಇವುಗಳಲ್ಲಿ ಯಾವುದು ಆ ವಾರ ಅಗ್ಗವೋ ಅದು. ಕೋಲಾರ, ತುಮಕೂರು ಕಡೆಯ ಹೆಂಗಸರು ಹೊಲದ ಬದುಗಳಲ್ಲಿ ಹತ್ತಾರು ಬಗೆಯ ಎಳೆಯ ಸೊಪ್ಪು ಕಿತ್ತು ಮಾಡುವ ಬೆರಕೆ ಸೊಪ್ಪಿನ ಸಾರಿಗೆ ಪೈಸೆಯ ಖರ್ಚಿಲ್ಲ; ಆದರೆ ಗುರುತು ಬಲ್ಲವರ ಜೊತೆ ಹೋಗಿ ಕಲಿಯಬೇಕು, ಔಷಧಿ ಸಿಂಪಡಿಸಿದ ಹೊಲದಿಂದಲೂ ಕೊಳಚೆ ನೀರು ಹರಿಯುವ ಜಾಗದಿಂದಲೂ ಕೀಳಬಾರದು. ನಗರದಲ್ಲಿರುವವರು ಸಂತೆ ಅಥವಾ ಗಾಡಿ ವ್ಯಾಪಾರ ಮುಗಿಯುವ ಹೊತ್ತಿಗೆ ಹೋದರೆ ಸೊಪ್ಪು ಅರ್ಧ ಬೆಲೆಗೆ ಸಿಗುವುದುಂಟು. ತಂದ ರಾತ್ರಿಯೇ ಅದನ್ನು ಅಡುಗೆ ಮಾಡಬೇಕು. ಹೆಚ್ಚುವ ಮೊದಲು ತೊಳೆಯಿರಿ, ಹೆಚ್ಚಿದ ಮೇಲೆ ತೊಳೆದರೆ ವಿಟಮಿನ್ ಸಿ ನೀರಿನೊಂದಿಗೆ ಹೋಗುತ್ತದೆ. ಒಂದು ಚಮಚ ಎಣ್ಣೆಯ ಒಗ್ಗರಣೆ ಇರಲೇಬೇಕು, ಸೊಪ್ಪಿನಲ್ಲಿರುವ ವಿಟಮಿನ್ ಎ ಅಂಶ ಮೈಗೆ ಹತ್ತುವುದು ಕೊಬ್ಬಿನ ಜೊತೆಗೆ.

ಈ ಎಲ್ಲದರಲ್ಲಿ ನನಗೆ ಹೆಚ್ಚು ನಂಬಿಕೆಯಿರುವುದು ನುಗ್ಗೆಯ ಮೇಲೆ. ಒಂದು ಗೂಟ ನೆಟ್ಟರೆ ಬದುಕುವ ಮರ, ವರ್ಷವಿಡೀ ಸೊಪ್ಪು. ಕ್ಯಾಲ್ಸಿಯಂ, ಕಬ್ಬಿಣಾಂಶ, ವಿಟಮಿನ್ ಎ ಮೂರರಲ್ಲೂ ಅದು ಸಮೃದ್ಧ. ಹೆಚ್ಚು ಸಿಕ್ಕಾಗ ನೆರಳಿನಲ್ಲಿ ಒಣಗಿಸಿ ಪುಡಿ ಮಾಡಿಟ್ಟು ರೊಟ್ಟಿಯ ಹಿಟ್ಟಿಗೆ, ಸಾರಿಗೆ, ಚಟ್ನಿಪುಡಿಗೆ ಒಂದೊಂದು ಚಮಚ ಬೆರೆಸಬಹುದು. ಬಾಡಿಗೆ ಮನೆಯ ಮೆಟ್ಟಿಲ ಬದಿಯಲ್ಲಿ ಒಡೆದ ಬಕೆಟ್ಟಿನಲ್ಲಿ ಬಸಳೆಯ ಬಳ್ಳಿ ಹಬ್ಬಿಸಿಕೊಂಡವರನ್ನು ಕಂಡಾಗ ನನಗೆ ನಿಜವಾದ ಗೌರವ ಮೂಡುತ್ತದೆ. ಕೊಯ್ದಷ್ಟೂ ಚಿಗುರುವ ಆ ಬಳ್ಳಿ ವಾರಕ್ಕೊಂದು ಸಾರಿಗಾಗುತ್ತದೆ.

ಕಾಳು ಮತ್ತು ಸೊಪ್ಪಿನ ಕಬ್ಬಿಣಾಂಶ ತಾನಾಗಿ ಮೈಗೆ ಸುಲಭವಾಗಿ ಸೇರುವುದಿಲ್ಲ. ಅದೇ ಊಟದಲ್ಲಿ ವಿಟಮಿನ್ ಸಿ ಇದ್ದರೆ ಸೇರುತ್ತದೆ. ಪಲ್ಯಕ್ಕೆ ಒಲೆಯಿಂದ ಇಳಿಸಿದ ಮೇಲೆ ನಿಂಬೆರಸ ಹಿಂಡುವುದು, ಊಟದೊಂದಿಗೆ ಒಂದು ಹೋಳು ಸೀಬೆಹಣ್ಣು, ನೆಲ್ಲಿಕಾಯಿಯ ಕಾಲದಲ್ಲಿ ಅರ್ಧ ನೆಲ್ಲಿಕಾಯಿ ಅಥವಾ ಅದರ ಚಟ್ನಿ, ಇಷ್ಟು ಸಾಕು. ಇದಕ್ಕೆ ತದ್ವಿರುದ್ಧವಾಗಿ, ಊಟದ ಬೆನ್ನಲ್ಲೇ ಕುಡಿಯುವ ಚಹಾ, ಕಾಫಿಗಳು ಕಬ್ಬಿಣಾಂಶವನ್ನು ಹಿಡಿದಿಟ್ಟುಬಿಡುತ್ತವೆ. ಚಹಾ ಬಿಡಿ ಎಂದು ನಾನು ಹೇಳುವುದಿಲ್ಲ; ದುಡಿದು ಬಂದವರಿಗೆ ಅದೊಂದು ಆಸರೆ. ಊಟಕ್ಕೂ ಚಹಾಕ್ಕೂ ನಡುವೆ ಒಂದು ಗಂಟೆ ಬಿಡಿ. ಇದಕ್ಕೆ ಖರ್ಚೇನೂ ಇಲ್ಲ.

ಹಣ್ಣಿನ ಬಗ್ಗೆ ಹೆಚ್ಚು ಹೇಳುವುದಿಲ್ಲ: ಸೀಬೆ, ಪರಂಗಿ, ಬಾಳೆ, ಆಯಾ ಕಾಲದಲ್ಲಿ ಮಾವು ಮತ್ತು ಸೀತಾಫಲ. ಸೇಬು ಆರೋಗ್ಯದ ಗುರುತಾಗಿರುವುದು ಆಸ್ಪತ್ರೆಗೆ ಹೋಗುವವರ ಕೈಚೀಲದಿಂದ. ಅದರ ಕಾಲು ಬೆಲೆಯ ಸೀಬೆಯಲ್ಲಿ ಹಲವು ಪಟ್ಟು ವಿಟಮಿನ್ ಸಿ ಇದೆ.

ಕರಾವಳಿಯವರಿಗೆ ಇನ್ನೊಂದು ದಾರಿಯಿದೆ. ಜೂನ್, ಜುಲೈ ತಿಂಗಳ ಮೀನುಗಾರಿಕೆ ನಿಷೇಧ ಕಳೆದು ದೋಣಿಗಳು ಮತ್ತೆ ಇಳಿದ ಮೇಲೆ ಭೂತಾಯಿ ಮೀನು ರಾಶಿಯಾಗಿ ಬರುವ ದಿನಗಳಲ್ಲಿ, ಅದಕ್ಕಿಂತ ಒಳ್ಳೆಯ ಆಹಾರ ಅಷ್ಟು ಬೆಲೆಗೆ ಸಿಗುವುದು ಅಪರೂಪ. ಪ್ರೋಟೀನ್, ಬಿ12, ಒಳ್ಳೆಯ ಕೊಬ್ಬು, ಮೆತ್ತಗಾದ ಮುಳ್ಳಿನ ಸಮೇತ ತಿಂದರೆ ಕ್ಯಾಲ್ಸಿಯಂ ಎಲ್ಲವೂ ಅದರಲ್ಲಿವೆ. ಒಣಮೀನು ಕೂಡ ಒಳ್ಳೆಯದೇ, ಉಪ್ಪು ಬಿಡುವಂತೆ ನೆನೆಸಿ ತೊಳೆದು ಬಳಸಬೇಕು.

ಒಂದು ತಿಂಗಳ ದಿನಸಿ

ನಾಲ್ವರ ಕುಟುಂಬಕ್ಕೆ ತಿಂಗಳ ಲೆಕ್ಕ ಹೀಗೆ ನಿಲ್ಲುತ್ತದೆ. ಧಾನ್ಯದಲ್ಲಿ ಪಡಿತರದ ಅಕ್ಕಿಯೊಂದಿಗೆ 12ರಿಂದ 15 ಕಿಲೋ ರಾಗಿ ಅಥವಾ ಜೋಳ. ಕಾಳು ಮತ್ತು ಬೇಳೆ ಒಟ್ಟು 7 ಕಿಲೋ: ಹುರುಳಿ ಎರಡು ಕಿಲೋ, ತೊಗರಿ ಮತ್ತು ಹೆಸರು ತಲಾ ಒಂದೂವರೆ ಕಿಲೋ, ಕಡಲೆ ಮತ್ತು ಅಲಸಂದೆ ಒಂದೊಂದು ಕಿಲೋ. ಇಷ್ಟಿದ್ದರೆ ತಲೆಗೆ ದಿನಕ್ಕೆ ಸುಮಾರು 60 ಗ್ರಾಂ ಆಗುತ್ತದೆ. ರಾಷ್ಟ್ರೀಯ ಪೋಷಣೆ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ 2000 ಕ್ಯಾಲೊರಿಯ ಊಟಕ್ಕೆ 85 ಗ್ರಾಂ ಹೇಳಿದೆ. ಅಲ್ಲಿಗೆ ಮುಟ್ಟಲಾಗದಿದ್ದರೂ 60ಕ್ಕಿಂತ ಕೆಳಗಿಳಿಯದಿರುವುದು ನಮ್ಮ ಗೆರೆ. ಕಡಲೆಕಾಯಿ ಬೀಜ 2 ಕಿಲೋ, ಎಣ್ಣೆ 3 ಲೀಟರಿನ ಒಳಗೆ, ಮೊಟ್ಟೆ 60, ದಿನಕ್ಕೆ ಅರ್ಧ ಲೀಟರ್ ಹಾಲು, ಬೆಲ್ಲ ಒಂದು ಕಿಲೋ. ಅಯೋಡಿನ್ ಸೇರಿಸಿದ ಉಪ್ಪು ಒಂದು ಕಿಲೋ ತಂದರೆ ಮಿಗಬೇಕು, ಏಕೆಂದರೆ ತಲೆಗೆ ದಿನಕ್ಕೆ 5 ಗ್ರಾಂನಂತೆ ತಿಂಗಳಿಗೆ 600 ಗ್ರಾಂ ಮಾತ್ರ ಸಾಕು. ಅದನ್ನು ಮುಚ್ಚಳವಿರುವ ಡಬ್ಬಿಯಲ್ಲೇ ಇಡಬೇಕು.

ಇದು ಸಾಲುತ್ತದೆಯೇ ಎಂದು ಪರೀಕ್ಷಿಸೋಣ. 55 ಕಿಲೋ ತೂಕದ ಹೆಂಗಸಿಗೆ, ಧಾನ್ಯವೇ ಹೆಚ್ಚಾಗಿರುವ ಊಟದಲ್ಲಿ, ಕಿಲೋ ತೂಕಕ್ಕೆ ಒಂದು ಗ್ರಾಂನಂತೆ 55 ಗ್ರಾಂ ಪ್ರೋಟೀನ್ ಬೇಕೆಂದು ಇಟ್ಟುಕೊಳ್ಳುವುದು ಸುರಕ್ಷಿತ. 150 ಗ್ರಾಂ ರಾಗಿಯಿಂದ 10, 200 ಗ್ರಾಂ ಅಕ್ಕಿಯಿಂದ 15, 60 ಗ್ರಾಂ ಕಾಳಿನಿಂದ 13, ಒಂದು ಹಿಡಿ ಕಡಲೆಕಾಯಿಯಿಂದ 4, ದಿನ ಬಿಟ್ಟು ದಿನ ತಿನ್ನುವ ಮೊಟ್ಟೆಯಿಂದ ಸರಾಸರಿ 3, ಮಜ್ಜಿಗೆ ಮತ್ತು ಹಾಲಿನಿಂದ 4, ಸೊಪ್ಪು ತರಕಾರಿಯಿಂದ 4 ಗ್ರಾಂ ಸೇರಿದರೆ 53 ಆಯಿತು. ಕಾಳು ಅರ್ಧವಾಗಿ, ಕಡಲೆಕಾಯಿ ಮತ್ತು ಮೊಟ್ಟೆ ಇಲ್ಲವಾದರೆ ಇದೇ ಲೆಕ್ಕ 40ಕ್ಕಿಂತ ಕೆಳಗೆ ಹೋಗುತ್ತದೆ, ಹೊಟ್ಟೆ ಮಾತ್ರ ಎರಡು ಸಂದರ್ಭದಲ್ಲೂ ಒಂದೇ ರೀತಿ ತುಂಬಿರುತ್ತದೆ.

ಸಂಬಳವೋ ಕೂಲಿಯೋ ಬಂದ ದಿನವೇ ಕಾಳು, ಕಡಲೆಕಾಯಿ, ಎಣ್ಣೆ ಕೊಂಡುಬಿಡಿ. ತಿಂಗಳ ಕೊನೆಗೆ ಎಂದು ಮುಂದೂಡಿದ ಕಾಳು ಮನೆಗೆ ಬರುವುದಿಲ್ಲ, ಆ ಹಣ ಬೇರೆಲ್ಲೋ ಹೋಗಿರುತ್ತದೆ. ದಿನಗೂಲಿಯವರಿಗೆ ಒಟ್ಟಿಗೆ ಕೊಳ್ಳುವುದು ಕಷ್ಟ. ಅಂಥವರು ವಾರದ ಬಟವಾಡೆಯಲ್ಲಿ ವಾರಕ್ಕೊಂದು ಬಗೆಯ ಕಾಳನ್ನು ಎರಡು ಕಿಲೋ ತಂದಿಟ್ಟುಕೊಳ್ಳಬಹುದು, ಅಥವಾ ಎರಡು ಮೂರು ಮನೆಯವರು ಕೂಡಿ ಸಗಟು ಅಂಗಡಿಯಿಂದ ತಂದು ಹಂಚಿಕೊಳ್ಳಬಹುದು. ಹಣ ಇನ್ನೂ ಕಡಿಮೆಯಾದರೆ ಯಾವುದನ್ನು ಮೊದಲು ಬಿಡಬೇಕೆಂಬುದನ್ನು ಮುಂಚೆಯೇ ನಿರ್ಧರಿಸಿಟ್ಟುಕೊಳ್ಳುವುದು ಒಳ್ಳೆಯದು. ಬಿಸ್ಕತ್ತು, ಚಿಪ್ಸ್, ಬಣ್ಣದ ಪಾನೀಯ, ಡಬ್ಬಿಯ ಪುಡಿ ಮೊದಲು ಹೋಗಲಿ, ಆಮೇಲೆ ಸಕ್ಕರೆ, ಆಮೇಲೆ ದುಬಾರಿ ತರಕಾರಿ. ಕಾಳು, ಸೊಪ್ಪು, ಮಕ್ಕಳ ಮೊಟ್ಟೆ ಕೊನೆಯವರೆಗೂ ಉಳಿಯಲಿ.

ಇಂಧನದ ಖರ್ಚನ್ನೂ ದಿನಸಿಯ ಲೆಕ್ಕಕ್ಕೇ ಸೇರಿಸಬೇಕು. ಎಂಟು ಗಂಟೆ ನೆನೆದ ಕಾಳು ಕುಕ್ಕರಿನಲ್ಲಿ ಬೇಗ ಬೇಯುತ್ತದೆ. ಸಮಯವಿಲ್ಲವೆಂದು ಅಡುಗೆ ಸೋಡಾ ಹಾಕಿದರೆ ಬಿ1 ವಿಟಮಿನ್ ನಾಶವಾಗುತ್ತದೆ. ಒಂದೇ ಕುಕ್ಕರಿನಲ್ಲಿ ಕೆಳಗೆ ಕಾಳು, ಮೇಲಿನ ಬಟ್ಟಲಿನಲ್ಲಿ ಅನ್ನ ಇಟ್ಟರೆ ಇನ್ನಷ್ಟು ಉಳಿತಾಯ.

ಯಾರ ತಟ್ಟೆಗೆ ಏನು

ಸರ್ಕಾರಿ ಶಾಲೆಯ ಬಿಸಿಯೂಟ, ಅಲ್ಲಿ ಕೊಡುವ ಹಾಲು ಮತ್ತು ಮೊಟ್ಟೆ, ಅಂಗನವಾಡಿಯ ಆಹಾರ, ಗರ್ಭಿಣಿಯರಿಗೂ ಬಾಣಂತಿಯರಿಗೂ ಅಂಗನವಾಡಿಯಲ್ಲಿ ಸಿಗುವ ಮಾತೃಪೂರ್ಣದ ಊಟ ಇವು ನಿಮ್ಮ ಹಕ್ಕುಗಳು, ಸಂಕೋಚ ಬೇಡ. ಆದರೆ ಮಗು ಶಾಲೆಯಲ್ಲಿ ಮೊಟ್ಟೆ ತಿಂದಿದೆಯೆಂದು ರಾತ್ರಿ ಅದರ ತಟ್ಟೆಯ ಕಾಳನ್ನು ಕಡಿಮೆ ಮಾಡಬಾರದು. ಶಾಲೆಯ ಊಟ ಮನೆಯ ಊಟಕ್ಕೆ ಸೇರ್ಪಡೆ, ಬದಲಿ ಅಲ್ಲ. ಆರು ತಿಂಗಳು ತುಂಬಿದ ಮಗುವಿಗೆ ಮೊಳಕೆ ಕಟ್ಟಿ, ಒಣಗಿಸಿ, ಹುರಿದು ಬೀಸಿದ ರಾಗಿಯ ಸರಿ ಅತ್ಯುತ್ತಮ. ಮೊಳಕೆಯಿಂದಾಗಿ ಹಿಟ್ಟು ಗಂಟು ಕಟ್ಟದೆ ತೆಳುವಾಗಿ ಬೇಯುವುದರಿಂದ ಅದೇ ಬಟ್ಟಲಿನಲ್ಲಿ ಹೆಚ್ಚು ಹಿಟ್ಟು ಹಿಡಿಯುತ್ತದೆ, ಮಗುವಿನ ಸಣ್ಣ ಹೊಟ್ಟೆಗೆ ಹೆಚ್ಚು ಶಕ್ತಿ ಹೋಗುತ್ತದೆ. ಅದಕ್ಕೆ ಹುರಿದ ಹೆಸರುಬೇಳೆಯ ಪುಡಿ, ಅರ್ಧ ಚಮಚ ತುಪ್ಪ ಅಥವಾ ಎಣ್ಣೆ ಸೇರಿಸಿ, ಎದೆಹಾಲು ಮುಂದುವರಿಯಲಿ.

ಇನ್ನು ಹೇಳಲೇಬೇಕಾದದ್ದು ಬಡಿಸುವ ಕ್ರಮದ ಬಗ್ಗೆ. ಎಲ್ಲರ ಊಟ ಮುಗಿದ ಮೇಲೆ ಪಾತ್ರೆಯಲ್ಲಿ ಉಳಿದ ತಿಳಿಯಲ್ಲಿ ಅನ್ನ ಕಲಸಿಕೊಳ್ಳುವವಳು ಅಡುಗೆ ಮಾಡಿದವಳೇ ಆಗಿರುತ್ತಾಳೆ. ದಿನಕ್ಕೆ ಗಂಡಸಿಗೆ ಬೇಕಾದ ಕಬ್ಬಿಣಾಂಶ 19 ಮಿಲಿಗ್ರಾಂ, ಮುಟ್ಟಾಗುವ ಹೆಂಗಸಿಗೆ 29 ಮಿಲಿಗ್ರಾಂ. ಹೆಚ್ಚು ಬೇಕಾದವಳ ಪಾಲಿಗೆ ಕಡಿಮೆ ಕಾಳು ಬರುವ ಈ ಪದ್ಧತಿಯನ್ನು ಯಾವ ಯೋಜನೆಯೂ ಹೊರಗಿನಿಂದ ಬಂದು ಸರಿಪಡಿಸಲಾರದು, ಮನೆಯವರೇ ಸರಿಪಡಿಸಬೇಕು. ಒಲೆಯಿಂದ ಇಳಿಸಿದ ಸಾರನ್ನು ಸೌಟಿನಿಂದ ತಳದವರೆಗೆ ಕಲಕಿ, ಕಾಳು ಮೇಲೆ ಬಂದಾಗಲೇ ಅವಳ ಬಟ್ಟಲನ್ನು ಮೊದಲು ತುಂಬಿ, ಮುಚ್ಚಿಟ್ಟು, ಆಮೇಲೆ ಉಳಿದವರಿಗೆ ಬಡಿಸಿ.